ಬಿಚ್ಚದ ಅಂಗಿ

ಅಕ್ಕಾ,

ನೀನು ತೀರಿಕೊಂಡು ಎಂಟು ತಿಂಗಳಾಯಿತು. ಈ ಕಾಗದ ಹಾಕಲು ವಿಳಾಸವಿಲ್ಲ, ಆದರೂ ನಿನಗೆ ಹೇಳದೆ ಇರಲಾಗುತ್ತಿಲ್ಲ.

ಇವತ್ತು ವಕೀಲರ ಹತ್ತಿರ ಹೋಗಿದ್ದೆ. ನೀನು ಲಸಿಕೆ ಹಾಕಿದ ಮೇಲೆ ನನ್ನ ಎಡಭುಜ ಹಿಡಿದುಕೊಂಡಿತಲ್ಲ, ಅದಕ್ಕೆ ನಿನ್ನ ಆಸ್ಪತ್ರೆಯವರಿಂದ ಪರಿಹಾರ ಕೇಳುವುದಕ್ಕೆ. ಬಾಚಣಿಗೆ ಹಿಡಿಯುವ ಕೈಯೇ ಮೇಲೇಳದಿದ್ದರೆ ಕ್ಷೌರದವನು ಏನು ಮಾಡಬೇಕು? ಈಗ ಕುರ್ಚಿಯನ್ನು ಪೂರ್ತಿ ತಗ್ಗಿಸಿಕೊಂಡು ಕೆಲಸ ಮಾಡುತ್ತೇನೆ. "ಏನಪ್ಪ, ನೆಲದ ಮೇಲೇ ಕೂರಿಸ್ತೀಯಾ?" ಎಂದು ಗಿರಾಕಿಗಳು ನಗುತ್ತಾರೆ.

ಸೂಜಿ ತೀರಾ ಮೇಲೆ ಬಿದ್ದು ಕೀಲಿಗೆ ಇಳಿದಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ವಕೀಲರು ಅದನ್ನು ಓದಿ, "ಅಂಗಿ ತೆಗೆಸ್ದೇ ಹಾಕಿದ್ದು ನರ್ಸ್ ತಪ್ಪು ಅಂತ ಬರೀತೀನಿ. ಹೇಗೂ ಅವರು ಈಗಿಲ್ವಲ್ಲ, ಕೆಲಸ ಹೋಗೋ ಭಯ ಇಲ್ಲ" ಎಂದರು.

ಆ ದಿನ ನೀನು ಲಸಿಕೆಯ ಡಬ್ಬಿ ಹಿಡಿದು ಅಂಗಡಿಗೇ ಬಂದಿದ್ದೆ. "ಅಂಗಿ ಬಿಚ್ಚೋ, ತೋಳು ಸರಿಯಾಗಿ ಕಾಣ್ಬೇಕು" ಎಂದು ನೀನು ಎರಡು ಸಲ ಹೇಳಿದೆ. ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಕೂತಿದ್ದ. ನಾನು ಕಾಲರ್ ಜಗ್ಗಿ ಭುಜದ ತುದಿಯಷ್ಟೇ ತೋರಿಸಿ, "ನಿಂದೊಳ್ಳೆ ರಗಳೆ ಆಯ್ತಲ್ಲಕ್ಕ, ಇಲ್ಲೇ ಚುಚ್ಚಿ ಹೋಗು" ಎಂದು ಅವನೆದುರೇ ರೇಗಿದೆ. ನೀನು ಮುಖ ಚಿಕ್ಕದು ಮಾಡಿಕೊಂಡು ಅಲ್ಲೇ ಚುಚ್ಚಿದೆ.

"ಅಂಗಿ ಬಿಚ್ಚಿ ಅಂತ ಅವರು ಹೇಳಿದ್ರಾ?" ಎಂದು ವಕೀಲರು ಕೇಳಿದರು.

"ನೆನಪಿಲ್ಲ ಸಾರ್" ಎಂದೆ.

ಅವರು ಕಾಗದ ಮುಂದಿಟ್ಟು, ಬೆರಳಿನಿಂದ ಜಾಗ ತೋರಿಸಿದರು. ನಾನು ಸಹಿ ಹಾಕುವುದು ಬಲಗೈಯಲ್ಲಿ, ಅಕ್ಕ. ಅದಕ್ಕೆ ಒಂದಿಷ್ಟೂ ನೋವಿಲ್ಲ.