ಶುಕ್ರವಾರದ ರುಜು

ಟಿಮಿನ್ಸ್
9 ಜೂನ್ 2018

ನಲ್ಮೆಯ ಅಕ್ಕ ಲೂಸಿಲ್‌ಗೆ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತೆ, ಬೈದುಕೋ. ಒಂದು ಕೆಲಸ ಮುಗಿಯದೆ ಬರೆಯಬಾರದೆಂದಿದ್ದೆ. ಮುಗಿಯಿತು. ಪಶುವೈದ್ಯ ಮರ್ಚಿಸನ್‌ನ ಪರವಾನಗಿ ಹೋಯಿತು.

ಹದಿನೇಳನೇ ವಯಸ್ಸಿನಲ್ಲಿ ನಾನು ಅವನ ಆಸ್ಪತ್ರೆಗೆ ಕೋ-ಆಪ್‌ಗೆ ಹೋಗುತ್ತಿದ್ದೆನಲ್ಲ, ಅರ್ಧ ದಿನ ಶಾಲೆ, ಅರ್ಧ ದಿನ ಅಲ್ಲಿ ಕೆಲಸ, ಅದಕ್ಕೇ ಪದವಿಪತ್ರಕ್ಕೆ ಬೇಕಾದ ನಾಲ್ಕು ಕ್ರೆಡಿಟ್. ಅವನು ಕೊಟ್ಟ ಇಂಜೆಕ್ಷನ್‌ನಿಂದ ನಾಯಿಯೊಂದು ಸತ್ತಿತು. ತಪ್ಪು ಡೋಸ್ ತುಂಬಿಸಿದವಳು ನಾನೆಂದು ಶಾಲೆಗೆ ಬರೆದ. ಕ್ರೆಡಿಟ್ ಹೋಯಿತು. ಗೆಳತಿಯರು ಗೌನು ತೊಟ್ಟು ಪದವಿಪತ್ರ ಪಡೆದ ದಿನ ನಾನು ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ.

ತಡವಾಗಿ ಓದು ಮುಗಿಸಿ, ಈಗ ಅದೇ ಶಾಲೆಯ ಕೋ-ಆಪ್ ಶಿಕ್ಷಕಿ ನಾನು. ಗಂಡನ ಮನೆ ಹೆಸರು, ನರೆತ ಕೂದಲು. ಅವನಿಗೆ ಗುರುತು ಸಿಗಲಿಲ್ಲ. ಈ ವರ್ಷ ಡೆಲಿಯಾ ವೆಸ್ಲಿ ಎಂಬ ಚುರುಕು ಹುಡುಗಿಯನ್ನು ಬೇಕೆಂದೇ ಅವನಲ್ಲಿಗೆ ಕಳಿಸಿದೆ. "ಯಾವ ಸಿರಿಂಜನ್ನ ಯಾರು ತುಂಬಿಸಿದ್ರು, ಎಲ್ಲಾ ದಿನಚರೀಲಿ ಬರಿ. ಪ್ರತಿ ಶುಕ್ರವಾರ ಡಾಕ್ಟರ ರುಜು ಹಾಕಿಸ್ಕೋ" ಎಂದೆ.

ಮಾರ್ಚ್‌ನಲ್ಲಿ, ಒಂದು ಗುರುವಾರ, ಅವನಲ್ಲಿ ಇಂಜೆಕ್ಷನ್ ಪಡೆದ ಬೆಕ್ಕೊಂದು ಸತ್ತಿತು. ಸೋಮವಾರ ಅವನ ಫೋನು: "ನಿಮ್ಮ ಹುಡುಗಿ ತಪ್ಪು ಡೋಸ್ ತುಂಬಿಸಿದ್ಲು, ಮೇಡಂ."

ದಿನಚರಿ ಹಿಡಿದು ಹೋದೆ. ಗುರುವಾರದ ಪುಟದಲ್ಲಿ 'ಡಾಕ್ಟರೇ ತುಂಬಿಸಿದರು' ಎಂದಿತ್ತು. ಕೆಳಗೆ ಅವನದೇ ಶುಕ್ರವಾರದ ರುಜು.

"ಓದಿ ರುಜು ಹಾಕ್ಬೇಕು ಡಾಕ್ಟ್ರೇ."

ಅವನ ಮುಖ ಬಿಳಿಚಿತು. "ನಿವೃತ್ತಿಗೆ ಎರಡೇ ವರ್ಷ ಇದೆಯಮ್ಮಾ. ನಮ್ಮಲ್ಲೇ ಮುಗಿಸ್ಕೊಳ್ಳೋಣ."

"ಒಡೆಟ್ ಶಾರ್ಬೊನೊ ಅಂತ ಒಬ್ಳು ಇಲ್ಲಿಗೆ ಬರ್ತಿದ್ಲು. ನೆನಪಿದ್ಯಾ?" ಎಂದು ನನ್ನ ತವರಿನ ಹೆಸರು ಹೇಳಿ ಕೇಳಿದೆ.

"ಎಷ್ಟೋ ಮಕ್ಕಳು ಬಂದು ಹೋದ್ರು. ಯಾರನ್ನಂತ ನೆನಪಿಟ್ಕೊಳ್ಲಿ?"

ನೆನಪಿದೆ ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೇನೋ. ಅಂದೇ ಪರವಾನಗಿ ಮಂಡಳಿಗೆ ದೂರು ಹಾಕಿದೆ. ಕಳೆದ ವಾರ ಅವನ ಬೋರ್ಡು ಇಳಿಸುವಾಗ ಎದುರಿನ ಅಂಗಡಿಯಲ್ಲಿ ಕೂತು ಕಾಫಿ ಕುಡಿದೆ. ಅಷ್ಟು ರುಚಿಯಾದ ಕಾಫಿ ನಾನು ಕುಡಿದೇ ಇಲ್ಲ.

ಡೆಲಿಯಾಗೆ ನಾಲ್ಕೂ ಕ್ರೆಡಿಟ್ ಸಿಕ್ಕಿತು. "ಮಿಸ್, ಅವನು ಅಂಥವನು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದಳು. ಅವಳ ಕಣ್ಣು ತಪ್ಪಿಸಿದೆ.

ನಿನ್ನ ಮೊಮ್ಮಗುವಿಗೆ ನನ್ನ ಮುತ್ತು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಒಡೆಟ್

ಮರೆತ ಮಾತು: ಅಂದು ಆ ನಾಯಿ ಸತ್ತಾಗ ಅಪ್ಪ ಮರ್ಚಿಸನ್‌ನ ಬಾಗಿಲಿಗೆ ಹೋಗಿ, ಟೋಪಿ ತೆಗೆದು, ನನ್ನ ಪರವಾಗಿ ಕ್ಷಮೆ ಕೇಳಿದ. ನೀನೂ ಜೊತೆಗಿದ್ದೆ. 'ನೀನು ಮಾಡಿದೆಯಾ?' ಎಂದು ನನ್ನನ್ನು ಇಬ್ಬರೂ ಕೇಳಲಿಲ್ಲ. ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ ಎಂದು ಬರೆದಿದ್ದೀಯ. ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳು. ಒಂದು ಸಾಲೂ ಬಿಡಬೇಡ.