ಕೆಂಪು ತುದಿಯ ಹೊಗೆಸೊಪ್ಪಿನ ಕೋಲು

ಡೋಗನ್ ಕ್ರೀಕ್, ಕೆಂಟಕಿ
೧೮ ಏಪ್ರಿಲ್ ೧೯೯೮, ಶನಿವಾರ

ನನ್ನ ಹಾರ್ಲನ್,

ಹೇಗಿದ್ದೀಯ? ಬಲಗೈ ಬೆರಳುಗಳಿಗೆ ಸ್ವಲ್ಪವಾದರೂ ಜೀವ ಬಂತೇ? ಊಟ ಸೇರುತ್ತಿಲ್ಲ ಎಂದು ಮಗಳು ಕಾರ್ಲೀನ್ ಹೇಳಿದಳು. ಇಷ್ಟು ವರ್ಷ ನನ್ನ ಕೈಯಡುಗೆ ಉಂಡ ನಾಲಿಗೆಗೆ ಲೂಯಿವಿಲ್ ಆಸ್ಪತ್ರೆಯ ಬೇಯಿಸಿದ ಬೀನ್ಸ್ ಎಲ್ಲಿ ರುಚಿಸಬೇಕು, ಅದರಲ್ಲಿ ಪಾಪ ಅವರ ತಪ್ಪೇನೂ ಇಲ್ಲ. ಆದರೆ ಕೈಗೆ ಕಸರತ್ತು ಮಾಡಿಸುವ ಹುಡುಗಿ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತೀಯಂತೆ. ಅದು ನನಗೆ ಸರಿಕಾಣಲಿಲ್ಲ. ಲಕ್ವ ಹೊಡೆದದ್ದು ಕೈಗೆ, ಬುದ್ಧಿಗಲ್ಲವಲ್ಲ. ಫೋನ್ ಮಾಡಿದರೆ ನಿನ್ನ ಉಸಿರು ಕೇಳಿಸುತ್ತದೆ, ಮಾತು ಹೊರಡುವುದಿಲ್ಲ. ನಾನೊಬ್ಬಳೇ ಮಾತಾಡಿ ಮಾತಾಡಿ ಫೋನ್ ಇಡುತ್ತೇನೆ. ಅದಕ್ಕೇ ಈ ಕಾಗದ. ಕಾರ್ಲೀನ್ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು, ಇದು ನಮ್ಮಿಬ್ಬರ ಮಾತು.

ನನ್ನ ಮೊಣಕಾಲು ಹೇಗಿತ್ತೋ ಹಾಗೇ ಇದೆ. ಡಾಗ್‌ವುಡ್ ಮರ ಹೂ ಬಿಟ್ಟಿದೆ, ಊರಿನ ಗಂಡಸರಿಗೆಲ್ಲ ಮೀನಿನ ಹುಚ್ಚು ಹಿಡಿದಿದೆ. ಕೆರೆ ರಸ್ತೆಯ ತುಂಬ ದೋಣಿ ಹೇರಿಕೊಂಡ ಗಾಡಿಗಳು. ಇಂಡಿಯಾನಾದಿಂದ ಬಂದವನೊಬ್ಬ ಅಂಗಡಿಯ ಮುಂದೆ ನಿಂತು, ಕ್ರ್ಯಾಪಿ ಮೀನು ಎಲ್ಲಿ ಸಿಕ್ಕಿತು ಎಂದು ಕಂಡಕಂಡವರನ್ನು ಕೇಳುತ್ತಿದ್ದ. ತಂತಮ್ಮ ಜಾಗದ ಗುಟ್ಟು ಬಿಡದೆ ಎಲ್ಲರೂ ಅದೇ ಹಳೇ ಉತ್ತರ ಕೊಟ್ಟು ಕಳಿಸಿದರು: "ಮೀನಿನ ತುಟೀಲಿ ಸಿಕ್ತು ಕಣಯ್ಯಾ." ಅವನು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದ. ನನಗೆ ಅಯ್ಯೋ ಎನಿಸಿತು, ಏಕೆಂದರೆ ನಿನ್ನಿಂದ ಅದೇ ಉತ್ತರ ಕೇಳುತ್ತ ಮುದುಕಿಯಾದವಳು ನಾನು.

ಈಗ ದೋಣಿಯ ವಿಷಯ. ಅದನ್ನು ಮಾರಿಬಿಡು ಎಂದು ನೀನು ಕಾರ್ಲೀನ್ ಹತ್ತಿರ ಕಾಗದದ ಮೇಲೆ ಎಡಗೈಯಲ್ಲಿ ಬರೆದು ತೋರಿಸಿದೆಯಂತೆ. ಆ ಮಾತು ಕೇಳಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಾಯುವವರು ಮಾತ್ರ ದೋಣಿ ಮಾರುತ್ತಾರೆ ಎಂದು ನೀನೇ ಹೇಳುತ್ತಿದ್ದೆಯಲ್ಲ. ಆದರೂ ನಿನ್ನ ಮಾತು ತೆಗೆದುಹಾಕಬಾರದೆಂದು ಡೆಲ್ಬರ್ಟ್‌ಗೆ ಹೇಳಿ ಕಳಿಸಿದೆ. ಅವನೇ, ಗರಗಸದ ಮಿಲ್ಲಿನ ಪಕ್ಕದ ಮನೆಯವನು, ಎಷ್ಟು ವರ್ಷದಿಂದ ನಿನ್ನ ದೋಣಿಯ ಹಿಂದೆ ಹಿಂದೆ ಮೋಟಾರು ಓಡಿಸಿಕೊಂಡು ಬಂದು, ನೀನು ನಿಲ್ಲಿಸಿ ಸಿಗರೇಟು ಹಚ್ಚಿ ಕೂತುಬಿಟ್ಟರೆ ಬೈದುಕೊಂಡು ವಾಪಸು ಹೋಗುತ್ತಿದ್ದವನು. ಕರೆದ ಅರ್ಧ ಗಂಟೆಗೆ ಬಾಗಿಲಲ್ಲಿದ್ದ. ಕಾಫಿ ಕುಡಿಯುತ್ತ ಅವನು ಕೇಳಿದ ಮೊದಲ ಪ್ರಶ್ನೆ ಮೋಟಾರಿನ ಬಗ್ಗೆ ಅಲ್ಲ. "ವರ್ನೆಲಕ್ಕಾ, ದೋಣಿ ಜೊತೆ ಹಾರ್ಲನ್ ಮೀನು ಹಿಡಿಯೋ ಜಾಗಾನೂ ಬರುತ್ತೆ ಅಲ್ವಾ?" ಅಂದ. ನಾನು, "ನಂಗೇನಪ್ಪಾ ಗೊತ್ತು, ನಾನು ಬರೀ ಕರಿಯೋಳು," ಅಂದೆ. ಅದು ಸುಳ್ಳೂ ಅಲ್ಲ. ಮೀನು ಹಿಡಿಯುವುದು ನೀನು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುವುದು ನಾನು.

ನಾಳೆ ದೋಣಿ ಓಡಿಸಿ ನೋಡುತ್ತೇನೆ ಎಂದ. ನಾನೂ ಬರುತ್ತೇನೆ ಎಂದೆ. ಯಾಕೆ ಹಾಗೆಂದೆನೋ! ಅಪ್ಪನ ಮನೆ, ಹೊಲ, ಹೊಗೆಸೊಪ್ಪು ಒಣಹಾಕುವ ಕೊಟ್ಟಿಗೆಯ ಜಾಗ ಎಲ್ಲ ಅಣೆಕಟ್ಟಿನ ನೀರಿಗೆ ಹೋದ ವರ್ಷ, ಆ ಕೆರೆಯ ಮೀನು ಕರಿದರೂ ಕರಿದೇನು, ಅದರ ಮೇಲೆ ಕಾಲಿಡುವವಳಲ್ಲ ಎಂದು ನಿನ್ನೆದುರಿಗೇ ಹೇಳಿದ್ದೆ, ನಡೆಸಿಕೊಂಡೂ ಬಂದಿದ್ದೆ. ಆದರೆ ದೋಣಿ ಕೈಬಿಟ್ಟು ಹೋಗುವ ಮೊದಲು, ಒಂದೇ ಒಂದು ಸಲ, ನೀನು ಅಲ್ಲಿ ಕೂತು ದಿನವಿಡೀ ಏನು ನೋಡುತ್ತಿದ್ದೆ ಎಂದು ನೋಡಬೇಕೆನಿಸಿತು. ಮನೆಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರದವನು ಅಲ್ಲಿ ಸಂಜೆತನಕ ಹೇಗೆ ಕೂರುತ್ತಿದ್ದೆ?

ಡಿಸೆಂಬರಿನಲ್ಲಿ ಅಣೆಕಟ್ಟಿನವರು ನೀರಿಳಿಸಿದಾಗ ನೀವೆಲ್ಲ ಕೆಸರಿಗಿಳಿದು, ಯಾರಿಗೂ ಕಾಣದ ಹಾಗೆ ತಂತಮ್ಮ ಜಾಗದಲ್ಲಿ ಕೋಲು ನೆಟ್ಟು ಬರುವುದೂ ನನಗೆ ಸೋಜಿಗವೇ. ವಸಂತದಲ್ಲಿ ನೀರೇರಿ ಕೋಲು ಮುಳುಗಿದ ಮೇಲೆ ಮೀನುಗಳು ಹುಡುಕಿಕೊಂಡು ಬಂದು ಅದರ ಸಂದಿಯಲ್ಲೇ ಮೊಟ್ಟೆ ಇಡುತ್ತವಲ್ಲ, ಬರೀ ಕೋಲಿನಲ್ಲಿ ಅವಕ್ಕೆ ಏನು ಕಂಡಿತು? ಈ ಸಲ ನೀನು ನೆಡುವ ಮೊದಲೇ ಲಕ್ವ ಹೊಡೆದು ಬಿದ್ದೆ. ಬಿದ್ದ ದಿನವೂ ನೀನು ಬೂಟು ಹಾಕಿಕೊಳ್ಳುತ್ತಿದ್ದೆ, ಈಗ ತಾನೇ ಒರೆಸಿದ ನೆಲ ಎಂದು ನಾನು ಬೈಯುತ್ತಿದ್ದೆ.

ಸರಿ, ಹೋದೆವು. ಗಾಳಿ ಇರಲಿಲ್ಲ. ಡೆಲ್ಬರ್ಟ್ ನಿನ್ನ ಗಾಳದ ಕೋಲೊಂದನ್ನು ನನ್ನ ಕೈಗಿಟ್ಟು, ಮರಿಮೀನಿನ ಬಕೆಟ್ಟು ಕಾಲ ಬಳಿ ಇಟ್ಟ. ಮರಿಮೀನನ್ನು ಬೆನ್ನಿಗೆ ಚುಚ್ಚಬೇಕೋ ತುಟಿಗೋ ಎಂದು ಕೇಳಿದರೆ, ಹಾರ್ಲನ್ ಹೇಗೆ ಚುಚ್ತಿದ್ದ ಎಂದು ನನ್ನನ್ನೇ ಕೇಳಿದ. ದಾರಿಯುದ್ದಕ್ಕೂ ಹಾಗೇ. "ಇಲ್ಲಿಂದ ಎಡಕ್ಕೆ ತಿರುಗ್ತಿದ್ನಾ, ಬಲಕ್ಕಾ?" ನಾನು ಟೋಪಿ ಸರಿಮಾಡಿಕೊಂಡೆ. ಕೊಲ್ಲಿಯ ಬಾಯಿ ದಾಟಿದ ಮೇಲೆ ಮೋಟಾರು ಕೆಮ್ಮಿ ನಿಂತಿತು. ಅದು ಹಾಗೆ ಕೆಮ್ಮುವುದು ನಿನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುಚ್ಚಳ ತೆಗೆದು ನನ್ನ ಕಡೆ ಬೆನ್ನು ಹಾಕಿ ಅದರೊಳಗೆ ತಲೆ ತೂರಿಸಿ ಕೂತ. ದೋಣಿ ತನ್ನ ಪಾಡಿಗೆ ಮೆಲ್ಲಗೆ ತೇಲುತ್ತಿತ್ತು.

ಆಗ ನಾನು ತಲೆಯೆತ್ತಿ ನೋಡಿದೆ, ಹಾರ್ಲನ್. ಎದುರಿಗೆ ಎರಡು ಗುಡ್ಡ, ನಡುವೆ ಸಂದು, ಸಂದಿನ ನಟ್ಟನಡುವೆ ನಮ್ಮ ಚರ್ಚಿನ ಗೋಪುರ. ದೋಣಿ ಒಂದಿಷ್ಟು ಸರಿಯಿತು, ಗುಡ್ಡ ಗೋಪುರವನ್ನು ನುಂಗಿತು. ಮತ್ತೆ ಸರಿಯಿತು, ಗೋಪುರ ಮತ್ತೆ ನಡುವೆ ಬಂದು ನಿಂತಿತು. ಆ ನೋಟ ಈ ಭೂಮಿಯ ಮೇಲೆ ಒಂದೇ ಕಡೆಯಿಂದ ಕಾಣುತ್ತದೆ. ಅಮ್ಮನ ಅಡುಗೆಮನೆ ಕಿಟಕಿಯ ಮುಂದೆ ಪಾತ್ರೆ ತೊಳೆಯುತ್ತ ಹುಡುಗಿಯಾಗಿದ್ದಾಗಿನಿಂದ ನೋಡಿದ್ದೇನೆ. ನನ್ನ ಕಾಲ ಕೆಳಗೆ ನೀರು, ನೀರಿನ ಕೆಳಗೆ ಅಪ್ಪನ ಮನೆ ಹಿಂದಿನ ಹೊಲ.

ಹೋದ ವರ್ಷ ಊರೂಟದಲ್ಲಿ ಪಾದ್ರಿ ನಿನ್ನನ್ನು ಹಂಗಿಸಿದ್ದು ನೆನಪಾಯಿತು. ಭಾನುವಾರ ಚರ್ಚಿನ ಕಡೆ ತಲೆ ಹಾಕುವುದಿಲ್ಲವಲ್ಲ ಎಂದದ್ದಕ್ಕೆ ನೀನು, "ನಿಮ್ ಗೋಪುರಾನ ನನ್ನಷ್ಟು ನೋಡೋನು ಈ ಊರಲ್ಲಿ ಇನ್ನೊಬ್ಬ ಇಲ್ಲ, ಸ್ವಾಮೀ," ಎಂದೆ. ಎಲ್ಲರೂ ನಕ್ಕರು. ಮಾನ ಕಳೆದೆಯಲ್ಲ ಎಂದು ನಾನು ಮೇಜಿನ ಕೆಳಗೆ ನಿನ್ನ ಕಾಲು ತುಳಿದೆ. ನೀನು ನಿಜವನ್ನೇ ಹೇಳಿದ್ದೆ.

ಮರಿಮೀನು ಚುಚ್ಚಿ ಗಾಳ ಇಳಿಸಿದೆ. ಬೆಂಡು ನೆಟ್ಟಗೆ ನಿಂತು, ಮರುಗಳಿಗೆ ಮುಳುಗಿತು. ಏನು ಭಾರ, ಮಾರಾಯ! ದೋಣಿಯ ಪಕ್ಕಕ್ಕೆ ಬೆಳ್ಳಗೆ ಮಿಂಚಿತು, ನನ್ನ ಅಂಗೈಗಿಂತ ಅಗಲ. ಇಂಥದ್ದನ್ನು ನೂರಾರು ಕರಿದಿದ್ದೇನೆ, ಒಂದೂ ಜೀವಂತ ನೋಡಿರಲಿಲ್ಲ. ಇಷ್ಟು ಚೆಂದ ಇರುತ್ತದೆಂದು ಯಾಕೆ ಹೇಳಲಿಲ್ಲ ನೀನು? ಅಷ್ಟರಲ್ಲಿ ಡೆಲ್ಬರ್ಟ್ ನೆನಪಾದ. ಅವನು ತಿರುಗಿ ನೋಡಿದರೆ ಮುಗಿಯಿತು, ನಾಳೆಯಿಂದ ಅಪ್ಪನ ಹೊಲದ ಮೇಲೆ ಅವನ ದೋಣಿ. ಹೊಸಬರು ಜಗ್ಗುತ್ತಾರೆ, ಅದರ ತುಟಿ ಕಾಗದದ ಹಾಗೆ ಹರಿಯುತ್ತದೆ ಎಂದು ನೀನು ಬೈಯುವುದು ಕೇಳಿದ್ದೆನಲ್ಲ. ಬೇಕೆಂದೇ ಜಗ್ಗಿದೆ. ತುಟಿ ಹರಿದು ಮೀನು ನೀರಿಗೆ ಬಿತ್ತು. "ಏನಕ್ಕಾ ಅದು ಸದ್ದು?" ಅಂದ. "ತಿಂತಿದ್ದ ಸೇಬು ಬಿತ್ತಪ್ಪಾ," ಅಂದೆ. ನನ್ನ ಮೊದಲ ಮೀನು ಹಾಗೆ ಹೋಯಿತು.

ದಾರ ಸುತ್ತಲು ಹೋದರೆ ಗಾಳ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು. ಅಲ್ಲಾಡಿಸಿ ಅಲ್ಲಾಡಿಸಿ ಎಳೆದೆ. ಗೇಣುದ್ದದ ಓಕ್ ಮರದ ತುಂಡು ಮುರಿದು ಮೇಲೆ ಬಂತು. ಪಾಚಿ ಒರೆಸಿದರೆ ತುದಿಗೆ ಕೆಂಪು ಬಣ್ಣ. ನೆರೆಯವರ ಕೋಲಿನೊಂದಿಗೆ ಕಲಸಿಹೋಗಬಾರದೆಂದು ಅಪ್ಪ ಹೊಗೆಸೊಪ್ಪು ತೂಗುಹಾಕುವ ಪ್ರತಿ ಕೋಲಿನ ತುದಿಯನ್ನೂ ಕೆಂಪು ಬಣ್ಣ ತುಂಬಿದ ಡಬ್ಬಿಯಲ್ಲಿ ಅದ್ದುತ್ತಿದ್ದ. ಆ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ನಾನು. ಕೊಟ್ಟಿಗೆ ಕೆಡವಿದಾಗ ಆ ಕೋಲಿನ ಕಟ್ಟುಗಳನ್ನು ನಮ್ಮ ಶೆಡ್ಡಿಗೆ ತಂದಿದ್ದೆವು. ವರ್ಷ ವರ್ಷ ಕಡಿಮೆಯಾಗುತ್ತಿತ್ತು. ಕೇಳಿದರೆ, "ಒಲೆಗೆ ಹಾಕ್ದೆ ಕಣೇ," ಅನ್ನುತ್ತಿದ್ದೆ. ಗ್ಯಾಸ್ ಒಲೆ ಬಂದ ಮೇಲೂ ಅದನ್ನೇ ಹೇಳುತ್ತಿದ್ದೆಯಲ್ಲ, ಅಪ್ಪನ ಹೊಲದಲ್ಲೇ ನೆಟ್ಟು ಬರುತ್ತಿದ್ದೀಯೆಂದು ನನಗಾದರೂ ಹೊಳೆಯಬಾರದಿತ್ತೇ!

ತುಂಡನ್ನು ಕೋಟಿನೊಳಗೆ ಸೇರಿಸಿ, ತಲೆ ಸುತ್ತುತ್ತಿದೆ ಮನೆಗೆ ಬಿಡು ಎಂದೆ. ಡೆಲ್ಬರ್ಟ್ ದಾರಿಯಲ್ಲಿ, "ಅಲ್ಲೆಲ್ಲ ನೀರಿನಡಿ ಬರೀ ಬಯಲು ಅಕ್ಕಾ, ಏನೂ ಸಿಗಲ್ಲ," ಅಂದ. ಹೌದಪ್ಪಾ ಅಂದೆ. ಮನೆಗೆ ಬಂದು ಒಲೆ ಮುಂದೆ ಕೂತು ಅತ್ತೆ. ದುಃಖಕ್ಕೆ ಅಲ್ಲ, ಯಾಕೆಂದು ಸರಿಯಾಗಿ ಹೇಳಲೂ ಬಾರದು. ಪ್ರತಿ ವಸಂತದ ಮೊದಲ ಮೀನನ್ನು ನನ್ನ ತಟ್ಟೆಗೇ ಹಾಕಿ, "ಇದು ನಿಂದು," ಎನ್ನುತ್ತಿದ್ದೆಯಲ್ಲ, ನಾನು ಅದನ್ನು ಪ್ರೀತಿಯ ಮಾತೆಂದುಕೊಂಡಿದ್ದೆ. ನೀನು ನನ್ನ ಹೊಲದ ಬೆಳೆಯನ್ನೇ ನನಗೆ ಒಪ್ಪಿಸುತ್ತಿದ್ದೆ.

ಈಗ ನನಗೆ ಕೇಳಬೇಕಾದ್ದು ಬೇಕಾದಷ್ಟಿದೆ. ನೀರಿಳಿದಾಗ ಅಮ್ಮನ ಮೆಟ್ಟಿಲಕಲ್ಲು ಕಾಣುತ್ತದೆಯೇ? ಬಾವಿಯ ಬಾಯಿ ಮುಚ್ಚಿದೆಯೇ? ನಾನು ನೊಂದುಕೊಳ್ಳುತ್ತೇನೆಂದು ಹೇಳಲಿಲ್ಲವೋ, ನಾನು ಕೇಳುವ ದಿನಕ್ಕೆ ಕಾಯುತ್ತಿದ್ದೆಯೋ? ಬರೆದು ತೋರಿಸಬೇಡ. ತಡವಾದರೂ ಸರಿ, ತೊದಲಿದರೂ ಸರಿ, ಬಾಯಿಂದಲೇ ಹೇಳಬೇಕು.

ಕಾರ್ಲೀನ್‌ಗೆ ನನ್ನ ಮುತ್ತು. ಕಸರತ್ತಿನ ಹುಡುಗಿಗೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ಕಾಯಲಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ನಾನಿದ್ದೇನೆ.

ನಿನ್ನ
ವರ್ನೆಲ್

ತಾ.ಕ.: ಟಪಾಲಿನ ಗಾಡಿ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ದೋಣಿ ಮಾರುವುದಿಲ್ಲ ಎಂದು ಡೆಲ್ಬರ್ಟ್‌ಗೆ ಹೇಳಿಬಿಟ್ಟೆ, ಮುಖ ಸಣ್ಣದು ಮಾಡಿಕೊಂಡು ಹೋದ. ಇದರ ಜೊತೆಗಿರುವ ಡಬ್ಬಿಯಲ್ಲಿ, ಬಿಸ್ಕತ್ತಿನ ಕೆಳಗೆ, ಆ ಕೆಂಪು ತುದಿಯ ತುಂಡಿದೆ. ಬಲಗೈಗೆ ತೆಗೆದುಕೋ. ಬೀಳುತ್ತದೆ, ಮತ್ತೆ ತೆಗೆದುಕೋ. ಶೆಡ್ಡಿನಲ್ಲಿ ಅಪ್ಪನ ಕೋಲು ಇನ್ನೂ ಒಂದು ಕಟ್ಟು ಉಳಿದಿದೆ, ಡಿಸೆಂಬರಿಗೆ ನೀರಿಳಿಯುತ್ತದೆ. ಸುತ್ತಿಗೆ ನಾನು ಹೊಡೆಯುತ್ತೇನೆ, ಕೋಲು ಹಿಡಿದುಕೊಳ್ಳುವವರು ಬೇಕು.