ಹೊಸಕ್ಕಿಯ ಮೊದಲ ತುತ್ತು

ಸಿರುಗುಪ್ಪ
10-12-2025

ಚಿ. ಸೌಂದರ್ಯಳಿಗೆ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ. ಕುರುಗೋಡಿನಲ್ಲಿ ನೀನು, ಅಳಿಯಂದಿರು, ಕೂಸು ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸೋದರತ್ತೆ ದಾಕ್ಷಾಯಣಮ್ಮನ ಕಿವಿ ಬಾಗಿಲಲ್ಲೇ ಇರುತ್ತದೆ.

ಶ್ರಾವಣದಲ್ಲಿ ಬಳ್ಳಾರಿಯ ಡಾಕ್ಟರು ನನಗೂ ನಿನ್ನ ಅಪ್ಪನಿಗೂ ಹೇಳಿದ್ದು ಒಂದೇ ಮಾತು: "ಸಕ್ಕರಿ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲದಾಗ ನಿಂತೈತಿ. ಅನ್ನ ಕಡಿಮಿ ಮಾಡ್ರಿ, ದಿನಾ ನಡೀರಿ." ಅಪ್ಪನಿಗಾಗಿ ಇಡೀ ಮನೆ ಟೊಂಕ ಕಟ್ಟಿ ನಿಂತಿತು. ನವಣೆ ಅನ್ನ, ಸಕ್ಕರೆಯಿಲ್ಲದ ಚಹಾ ನಾನೇ ಮಾಡಿಕೊಟ್ಟೆ. ಅವರು ನಡೆಯಲೆಂದು ನಮ್ಮ ಅಕ್ಕಿ ಮಿಲ್ಲಿನ ಅಂಗಳದಿಂದ ಲಾರಿಗಳನ್ನೇ ಸರಿಸಿದರು. ನಾನು ಪಕ್ಕದ ಮನೆಯ ನೀಲಾವತಿಯ ಜೊತೆ ಕಾಲುವೆ ದಂಡೆಗೆ ಹೊರಟರೆ ದಾಕ್ಷಾಯಣಮ್ಮ, "ಮಿಲ್ಲಿನ ಮನಿ ಹೆಣ್ಮಗಳು ಬೀದಿ ಸುತ್ತಿದ್ರ ಮಂದಿ ಏನಂದಾರು? ಮನಿ ಕೆಲಸ ಮಾಡಿದ್ರ ಸಾಲದೇನು?" ಎಂದಳು. ಅಪ್ಪ, "ಅಕ್ಕ ಹೇಳೋದು ಖರೇ ಐತಿ" ಎಂದರು. ನನ್ನ ತಟ್ಟೆಗೆ ಎಲ್ಲರೂ ಉಂಡು ಉಳಿದ ಅನ್ನ, ಚೆಲ್ಲಿದರೆ ಪಾಪವಂತೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಆದರೂ ಸಮಯ ಬರಲೆಂದು ಕಾದೆ.

ಮೊನ್ನೆ ಹೊಸಕ್ಕಿಯ ಊಟ. ನಮ್ಮ ಮನೆ ಪದ್ಧತಿ ನಿನಗೆ ಗೊತ್ತಲ್ಲ, ಮನೆಯೊಡತಿ ಮೊದಲ ತುತ್ತು ಉಣ್ಣದೆ ವ್ಯಾಪಾರಿಗಳು ಎಲೆಗೆ ಕೈ ಹಾಕುವುದಿಲ್ಲ. ನಾನು ಜೋಳದ ರೊಟ್ಟಿ ಹಾಕಿಕೊಂಡು ಅವರೆದುರೇ ಕೂತೆ. ಬಳ್ಳಾರಿಯ ವ್ಯಾಪಾರಿ ಕೊಟ್ಟೂರಪ್ಪ ನಕ್ಕರು: "ಏನ್ರಿ ಮರಿಬಸಪ್ಪ, ನಿಮ್ಮ ಮನಿಯವರ ನಿಮ್ಮ ಅಕ್ಕಿ ಉಣ್ಣಂಗಿಲ್ಲಂದ್ರ ನಾವ್ಯಾಕ ಒಯ್ಯೋಣು?"

ಅಪ್ಪನ ಮುಖ ಸಪ್ಪಗಾಯಿತು. "ಒಂದು ತುತ್ತು ಉಣ್ಣು, ಮರ್ಯಾದಿ ತೆಗೀಬ್ಯಾಡ" ಎಂದು ಪಿಸುಗುಟ್ಟಿದರು.

"ನನಗ ಡಾಕ್ಟರು ಬ್ಯಾಡ ಅಂದಾರ್ರಿ. ನೀವು ಉಣ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅಪ್ಪನ ಎಲೆಗೆ ಅನ್ನ, ತುಪ್ಪ, ಬೆಲ್ಲದ ಪಾಯಸ ಬಡಿಸಿದೆ. ತಮಗೂ ಡಾಕ್ಟರು ಬೇಡವೆಂದಿದ್ದಾರೆಂದು ಅಪ್ಪ ಬಾಯಿಬಿಟ್ಟರೆ ವ್ಯಾಪಾರ ಹೋಗುತ್ತದೆ. ಬೆವರುತ್ತ ಉಂಡರು. ಎಲೆ ಬರಿದಾದಂತೆಲ್ಲ ಮತ್ತೆ ಬಡಿಸಿದೆ. ಅವರಕ್ಕ ಕಂಬ ಹಿಡಿದು ನೋಡುತ್ತ ನಿಂತಿದ್ದಳು. ಮುಯ್ಯಿ ತೀರಿಸಿಕೊಂಡೆ ಮಗಳೇ, ನನಗೆ ಹಿತವಾಯಿತು. ತಪ್ಪೆನ್ನುವವರು ಎನ್ನಲಿ.

ಕೂಸಿಗೆ ಮುತ್ತು. ನಿಮ್ಮೂರ ಬಸವಣ್ಣ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಸುವರ್ಣಮ್ಮ

ತಾ.ಕ.: ಅಪ್ಪನಿಗೆಂದು ನೀನು ಕಳಿಸಿದ ವಾಕಿಂಗ್ ಬೂಟು ತಲುಪಿತು. ದಿನಾ ಸಂಜೆ ಫೋನು ಮಾಡಿ, "ಅಪ್ಪ ವಾಕಿಂಗ್ ಹೋಗಿದ್ರೇನವ್ವಾ? ಚಾದಾಗ ಸಕ್ಕರಿ ಹಾಕಿಲ್ಲಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದೆ. ಡಾಕ್ಟರು ನನಗೆ ಹೇಳಿದ್ದೂ ನಿನಗೆ ಗೊತ್ತಿತ್ತು. ಒಂದು ದಿನವೂ ನನ್ನನ್ನು ವಿಚಾರಿಸಲಿಲ್ಲ. ಮಂದಿ ಬಿಡು, ನೀನು ಹೆಣ್ಣುಮಗಳು. ಬೂಟು ಅಪ್ಪನಿಗೆ ಕೊಟ್ಟಿಲ್ಲ. ತುದಿಗೆ ನಿನ್ನ ಹಳೆಯ ಲಂಗದ ಬಟ್ಟೆ ತುರುಕಿ, ನಾನೇ ಹಾಕಿಕೊಂಡು ನೀಲಾವತಿಯ ಜೊತೆ ಕಾಲುವೆ ದಂಡೆಗೆ ಹೋಗುತ್ತಿದ್ದೇನೆ. ಇನ್ನು ಸಂಜೆ ಫೋನು ಮಾಡಿದರೆ ಅಪ್ಪ ಎತ್ತುತ್ತಾರೆ. ಅವ್ವ ಎಲ್ಲಿ ಎಂದು ಆಗಲಾದರೂ ಕೇಳುತ್ತೀಯೇನೋ ನೋಡೋಣ.